ಕುಸಿದ ಕಲ್ಲಿನ ತಡೆಗೋಡೆಗೆ ಒಣ ಕಟ್ಟಡದ ದುರಸ್ತಿ: ಮಡಿಕೇರಿ ಕಡೆಯ ಒಂದು ತಂಡದ ಕೆಲಸ ಹೇಗಿದೆ?

ಮನೆಯ ಹಿಂದಿನ ಬರೆಗೆ (ಕಡಿದಾದ ಮಣ್ಣಿನ ದಿಣ್ಣೆಗೆ) ಕಟ್ಟಿದ್ದ ಹಳೆಯ ಕಾಡುಕಲ್ಲಿನ ಗೋಡೆ. ಉದ್ದ 40 ಅಡಿ, ಎತ್ತರ 7 ಅಡಿ. ನಡುವಿನ 14 ಅಡಿ ಮೊದಲು ಹೊಟ್ಟೆ ಬಿಟ್ಟು, ಮರುವರ್ಷ ಕಕ್ಕಡ ಮಾಸದ (ಜುಲೈ–ಆಗಸ್ಟ್) ಮಳೆಗೆ ಕುಸಿದಿತ್ತು. ಇಬ್ಬರು ಕಲ್ಲು ಮೇಸ್ತ್ರಿಗಳು, ಮೂವರು ಸಹಾಯಕರು ಇರುವ ತಂಡ 9 ದಿನಗಳಲ್ಲಿ ಅದನ್ನು ಸಿಮೆಂಟಿಲ್ಲದೆ ಮತ್ತೆ ಕಟ್ಟಿತು. ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಬರೆದ ವಿಮರ್ಶೆ ಇದು. ಪಾಯ ಮತ್ತು ಕಲ್ಲುಕೆಲಸಕ್ಕೆ ಐದಕ್ಕೆ ಐದು ಅಂಕ. ಗೋಡೆಯ ಹಿಂದಿನ ಜಲ್ಲಿಗೆ ನಾಲ್ಕೂವರೆ. ಮೇಲ್ಗಡೆ ಮಣ್ಣು ತುಂಬಿದ್ದಕ್ಕೆ, ನೀರು ಹೊರಗೆ ಬಿಟ್ಟಿದ್ದಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾಗದು.

ಗೋಡೆ ಬಿದ್ದದ್ದು ಏಕೆ ಎಂಬುದನ್ನು ತಂಡದ ಹಿರಿಯ ಮೇಸ್ತ್ರಿ ಕಲ್ಲು ಬಿಚ್ಚುವ ಮೊದಲೇ ಸರಿಯಾಗಿ ಗುರುತಿಸಿದರು. ಹಿಂದೊಮ್ಮೆ ಗೋಡೆಯ ಮುಖದ ಸಂದುಗಳಿಗೆಲ್ಲ ಸಿಮೆಂಟು ಮೆತ್ತಲಾಗಿತ್ತು. ನೋಡಲು ಅಚ್ಚುಕಟ್ಟು, ಆದರೆ ಸಂದುಗಳಿಂದ ಸೋರಿ ಹೋಗಬೇಕಿದ್ದ ನೀರು ಒಳಗೇ ನಿಂತಿತು. ಲೆಕ್ಕ ಹಾಕಿದರೆ ಇದರ ಗಂಭೀರತೆ ತಿಳಿಯುತ್ತದೆ. 2 ಮೀಟರ್ ಎತ್ತರದ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ, ನೀರು ಬಸಿದ ಮಣ್ಣು ಸುಮಾರು ಒಂದೂಕಾಲು ಟನ್ನಿನಷ್ಟು ಬಲದಿಂದ ತಳ್ಳುತ್ತದೆ. ಅದೇ ಮಣ್ಣಿನಲ್ಲಿ ಮೇಲಿನವರೆಗೆ ನೀರು ನಿಂತರೆ ತಳ್ಳುವ ಬಲ ಎರಡೂವರೆ ಟನ್ ದಾಟುತ್ತದೆ. ಅದರಲ್ಲಿ ನೀರಿನ ಪಾಲೇ ಎರಡು ಟನ್. ಮಣ್ಣಿಗೆಂದು ಕಟ್ಟಿದ ಗೋಡೆ ನೀರಿಗೆ ನಿಲ್ಲಲಾರದು. ಬಿರುಕು ಬಿಟ್ಟ ಕಲ್ಲುಗೋಡೆಗೆ ಸಿಮೆಂಟ್ ಪಾಯಿಂಟಿಂಗ್ ಮಾಡಿಕೊಡುತ್ತೇವೆ ಎಂದು ಯಾರು ಬಂದರೂ ದಯವಿಟ್ಟು ಒಪ್ಪಬೇಡಿ. ಅದು ದುರಸ್ತಿ ಅಲ್ಲ, ಕುಸಿತಕ್ಕೆ ಕೊಡುವ ಮುಂಗಡ.

ಬಿಚ್ಚುವ ಕೆಲಸದಲ್ಲಿ ತಂಡದ ಶಿಸ್ತು ಕಾಣಿಸಿತು. ಮೇಲಿನಿಂದ ಒಂದೊಂದೇ ವರಸೆ (ಕಲ್ಲಿನ ಸಾಲು) ಇಳಿಸುತ್ತಾ, ಎರಡೂ ಬದಿಯ ಗಟ್ಟಿ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಟ್ಟುಕೊಂಡರು. ನೆಟ್ಟಗೆ ಸೀಳಿದಂತೆ ಬಿಚ್ಚಿದರೆ ಹಳೆಯದು ಹೊಸದರ ನಡುವೆ ಉದ್ದ ಸಂದು ಉಳಿದು, ಮುಂದೆ ಅಲ್ಲೇ ಬಾಯಿ ಬಿಡುತ್ತದೆ. ತೆಗೆದ ಕಲ್ಲನ್ನು ನಾಲ್ಕು ಗುಡ್ಡೆ ಮಾಡಿದರು: ಪಾಯದ ದಪ್ಪ ಕಲ್ಲು, ಗೋಡೆಯ ದಪ್ಪಕ್ಕೂ ಚಾಚುವ ಉದ್ದದ ಬಂಧ ಕಲ್ಲು, ಮುಖದ ಕಲ್ಲು, ಒಳಗೆ ತುಂಬುವ ಚಕ್ಕೆ. ಗುಡ್ಡೆಗಳೆಲ್ಲ ಕೆಳಗಿನ ಅಂಗಳದಲ್ಲಿ, ಗೋಡೆಯಿಂದ 4 ಅಡಿ ಜಾಗ ಬಿಟ್ಟು. ಬರೆಯ ಅಂಚಿನ ಮೇಲೆ ಒಂದು ಕಲ್ಲನ್ನೂ ಇಡಲಿಲ್ಲ. ಬಿಚ್ಚಿದ ಬರೆಗೆ ರಾತ್ರಿ ಟಾರ್ಪಾಲು ಹೊದಿಸಿದರು. ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬರುತ್ತದೋ ಹೇಳಲಾಗದು, ಒಂದೇ ಮಳೆ ಸಾಕು ಬರೆಯ ಮಣ್ಣು ಜಾರಲು.

ಹಳೆಯ ಕಲ್ಲಿನಲ್ಲಿ ಮುಕ್ಕಾಲು ಪಾಲು ಮತ್ತೆ ಬಳಕೆಗೆ ಬಂತು. ಈ 14 ಅಡಿಗೆ ಪಾಯವೂ ಸೇರಿ ಬೇಕಾದ ಕಲ್ಲು ಸುಮಾರು 340 ಘನ ಅಡಿ. ಹೊಸದಾಗಿ ತರಿಸಿದ್ದು 100 ಘನ ಅಡಿ, ಅಂದರೆ ಒಂದು ಸಣ್ಣ ಟಿಪ್ಪರ್ ಲೋಡು. ಜೊತೆಗೆ 40 ಎಂಎಂ ಜಲ್ಲಿ ಒಂದು ಯೂನಿಟ್ (100 ಘನ ಅಡಿ), ಮಣ್ಣು ತಡೆದು ನೀರು ಬಿಡುವ, ನೇಯದ ಬಗೆಯ, ಚದರ ಮೀಟರಿಗೆ 200 ಗ್ರಾಂ ತೂಕದ, ಅಂದರೆ 200 ಜಿಎಸ್‌ಎಂ ಜಿಯೋಟೆಕ್ಸ್‌ಟೈಲ್ ಬಟ್ಟೆ 150 ಚದರ ಅಡಿ, ತೂತು ಕೊರೆದ 4 ಇಂಚಿನ ಪಿವಿಸಿ ಪೈಪು 20 ಅಡಿ. ಸಿಮೆಂಟು ಒಂದು ಚೀಲವೂ ಇಲ್ಲ.

ಪಾಯವನ್ನು ಸಡಿಲ ಮಣ್ಣು ದಾಟಿ ಗಟ್ಟಿ ಗೊಚ್ಚು ಸಿಗುವವರೆಗೆ, ಒಂದೂಕಾಲು ಅಡಿ ಆಳಕ್ಕೆ ತೋಡಿದರು. ತಳ ಮಟ್ಟವಾಗಿರಲಿಲ್ಲ. ಬರೆಯ ಕಡೆಗೆ ಅಡಿಗೆ 2 ಇಂಚಿನಂತೆ ಇಳಿಜಾರು. ಬಹಳಷ್ಟು ಗಾರೆ ಮೇಸ್ತ್ರಿಗಳು ತಪ್ಪುವುದು ಇಲ್ಲಿಯೇ. ಮನೆಗೋಡೆ ಕಟ್ಟಿದ ಅಭ್ಯಾಸದಲ್ಲಿ ತಳವನ್ನು ರಸಮಟ್ಟ ಇಟ್ಟು ಸಮ ಮಾಡಿಬಿಡುತ್ತಾರೆ, ಆಗ ಗೋಡೆ ಮುಂದಕ್ಕೆ ಜಾರಲು ತಡೆಯೇ ಇರುವುದಿಲ್ಲ. ಬುಡದ ದಪ್ಪ ಎತ್ತರದ ಅರ್ಧ, ಅಂದರೆ ಮೂರೂವರೆ ಅಡಿ. ತಲೆಯಲ್ಲಿ 2 ಅಡಿ. ಮುಖ ಹಿಂದಕ್ಕೆ ಒರಗಿದ್ದು ಅಡಿಗೆ ಒಂದೂವರೆ ಇಂಚು. ಈ ಓರೆಗೆ ಮರದ ಚೌಕಟ್ಟು ಮಾಡಿ ಎರಡು ತುದಿಯಲ್ಲಿ ನೆಟ್ಟು, ದಾರ ಎಳೆದು ಕಟ್ಟಿದರು. ಕಣ್ಣಳತೆಗೆ ಬಿಡಲಿಲ್ಲ.

ಕಲ್ಲು ಕೂರಿಸಿದ ರೀತಿ ನೋಡಿದರೆ ಇದು ಕೈಪಳಗಿದ ತಂಡ ಎಂದು ಯಾರಾದರೂ ಹೇಳುತ್ತಾರೆ. ಪ್ರತಿ ಕಲ್ಲಿನ ಉದ್ದ ಗೋಡೆಯ ಒಳಕ್ಕೆ, ಚಿಕ್ಕ ಮುಖ ಹೊರಕ್ಕೆ. ಉದ್ದ ಮುಖವನ್ನು ಹೊರಗೆ ತೋರಿಸಿ ಕಟ್ಟಿದರೆ ಬೇಗ ಮುಗಿಯುತ್ತದೆ, ಚೆಂದವೂ ಕಾಣುತ್ತದೆ, ಆದರೆ ಅಂಥ ಕಲ್ಲಿಗೆ ಒಳಗೆ ಹಿಡಿತವೇ ಇರುವುದಿಲ್ಲ. ಒಂದು ಸಂದಿನ ಮೇಲೆ ಇನ್ನೊಂದು ಸಂದು ಬರದಂತೆ, ಪ್ರತಿ ಚದರ ಮೀಟರ್ ಮುಖಕ್ಕೆ ಒಂದಾದರೂ ಬಂಧ ಕಲ್ಲು ಇರುವಂತೆ ಇಟ್ಟಿದ್ದಾರೆ. ಅಲುಗುವ ಕಲ್ಲಿಗೆ ಚಕ್ಕೆಯನ್ನು ಹಿಂದಿನಿಂದ ಹೊಡೆದಿದ್ದಾರೆ. ಮುಂದಿನಿಂದ ಹೊಡೆದ ಚಕ್ಕೆ ಒಂದೆರಡು ಮಳೆಗೇ ಉದುರುತ್ತದೆ. ಪ್ರತಿ ವರಸೆ ಮುಗಿದಾಗ ಒಬ್ಬರು ಅದರ ಮೇಲೆ ನಡೆದು ನೋಡುತ್ತಿದ್ದರು. ಕಲ್ಲು ಕದಲಿದರೆ ಮೇಲಿನ ವರಸೆಗೆ ಹೋಗುವಂತಿಲ್ಲ.

ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪ ಜಲ್ಲಿ, ಅದರ ಹಿಂದೆ ಬಟ್ಟೆ, ಆಮೇಲೆ ಮಣ್ಣು. ಬಟ್ಟೆ ಇರಬೇಕಾದದ್ದು ಮಣ್ಣಿಗೂ ಜಲ್ಲಿಗೂ ನಡುವೆ. ಜಲ್ಲಿಗೂ ಕಲ್ಲಿಗೂ ನಡುವೆ ಇಟ್ಟರೆ ಜಲ್ಲಿಯೊಳಗೆ ಕೆಸರು ತುಂಬಿ ಎರಡೂ ವ್ಯರ್ಥ. ಅರ್ಧ ಅಂಕ ಕಳೆದದ್ದು ಏಕೆಂದರೆ ಎರಡು ತುಂಡು ಬಟ್ಟೆ ಸೇರುವಲ್ಲಿ ಒಂದರ ಮೇಲೊಂದು 4 ಇಂಚು ಮಾತ್ರ ಹಾಸಿದ್ದರು. ಕನಿಷ್ಠ ಒಂದು ಅಡಿ ಬೇಕು. ಬಟ್ಟೆಯ ಬದಲು ನರ್ಸರಿಗೆ ಕಟ್ಟುವ ಹಸಿರು ನೆಟ್ ಅಥವಾ ಗೊಬ್ಬರದ ಚೀಲ ಹಾಕುವವರೂ ಇದ್ದಾರೆ. ನೆಟ್ ಮಣ್ಣನ್ನು ತಡೆಯುವುದಿಲ್ಲ, ಚೀಲ ನೀರನ್ನು ಸರಿಯಾಗಿ ಬಿಡುವುದಿಲ್ಲ. ಇನ್ನು ಒಣ ಗೋಡೆಗೆ ಬೇರೆಯಾಗಿ ನೀರು ಸೋರುವ ತೂತು ಬೇಕಿಲ್ಲ, ಸಂದುಗಳೇ ಆ ಕೆಲಸ ಮಾಡುತ್ತವೆ. ಗಾರೆ ಹಾಕಿ ಕಟ್ಟುವುದಾದರೆ ಮಾತ್ರ 4–5 ಅಡಿಗೊಂದರಂತೆ 3 ಇಂಚಿನ ಪೈಪು ಇಡಲೇಬೇಕು.

ಈಗ ಕೊರತೆಗಳು. ಮೊದಲ 5 ಅಡಿಯವರೆಗೆ ಮಣ್ಣನ್ನು ಅರ್ಧರ್ಧ ಅಡಿ ಹಾಕಿ ಚೆನ್ನಾಗಿ ದಮ್ಮಸ್ಸು ಮಾಡಿದವರು, ಕೊನೆಯ ದಿನ ಆತುರಪಟ್ಟು ಉಳಿದ 2 ಅಡಿಯನ್ನು ಒಂದೇ ಸಲ ಸುರಿದುಬಿಟ್ಟರು. ಜುಲೈ ಕೊನೆಗೆ ಅಲ್ಲಿ 3 ಇಂಚು ತಗ್ಗು ಬಿದ್ದು ನೀರು ನಿಂತಿತು. ಇಷ್ಟು ಕಷ್ಟಪಟ್ಟು ಹೊರಹಾಕುವ ನೀರನ್ನು ಗೋಡೆಯ ತಲೆಯಲ್ಲೇ ಕೆರೆ ಕಟ್ಟಿ ನಿಲ್ಲಿಸಿದಂತಾಯಿತು. ಮೇಲಿನ ಒಂದು ಅಡಿಗೆ ಜಿಗುಟು ಮಣ್ಣನ್ನು ಗಟ್ಟಿಯಾಗಿ ಬಡಿದು, ಗೋಡೆಯಿಂದ 3 ಅಡಿ ಹಿಂದೆ ಚರಂಡಿ ತೆಗೆದು ಮಳೆನೀರನ್ನು ಬದಿಗೆ ತಿರುಗಿಸಬೇಕಿತ್ತು. ಚರಂಡಿ ತಮ್ಮ ಕೆಲಸವಲ್ಲ ಎಂಬುದು ತಂಡದ ನಿಲುವು. ಒಪ್ಪಲಾಗದು. ಮಡಿಕೇರಿಯಂತೆ ವರ್ಷಕ್ಕೆ 3,000 ಮಿ.ಮೀ. ದಾಟುವ ಮಳೆ ಬೀಳುವಲ್ಲಿ ಚರಂಡಿಯೂ ಗೋಡೆಯ ಭಾಗವೇ.

ಎರಡನೆಯದು, ಗೋಡೆಯ ಹಿಂದಿನ ನೀರನ್ನು ಹೊರಗೆ ಬಿಡುವ ತೂತಿನ ಪೈಪಿನ ಬಾಯಿ. ನೂರು ಅಡಿಗೆ ಒಂದು ಅಡಿಯ ಇಳಿಜಾರು ಸರಿಯಾಗಿದೆ, ಆದರೆ ಹೊರಬಾಯಿಯನ್ನು ಗೋಡೆಯ ಬುಡದ ಬರಿ ಮಣ್ಣಿಗೆ ಬಿಟ್ಟಿದ್ದಾರೆ. ಬಿದ್ದ ನೀರು ಮಣ್ಣು ಕೊರೆದು ಪಾಯದ ಕಲ್ಲಿನ ಅಂಚು ಕಾಣಿಸುವಂತಾಗಿತ್ತು. ಇನ್ನೆಂಟು ಅಡಿ ಪೈಪು ಸೇರಿಸಿ, ನೀರು ಬೀಳುವಲ್ಲಿ ಕಲ್ಲು ಹಾಸಬೇಕಾಯಿತು.

ಸೆಪ್ಟೆಂಬರಿನ ಕೊಡವ ಹಬ್ಬ ಕೈಲ್ ಪೊಳ್ದ್ ಕಳೆದ ಮೇಲೆ, ಗೋಡೆಯ ಮುಂದೆ ನೆಟ್ಟಗೆ ನಿಲ್ಲಿಸಿದ ಕೋಲಿನಿಂದ ಮೂರು ಎತ್ತರದಲ್ಲಿ ಅಳೆದಾಗ, ಕಟ್ಟಿದಾಗಿನ ಓರೆಗಿಂತ ಹೆಚ್ಚೆಂದರೆ ಅರ್ಧ ಇಂಚು ವ್ಯತ್ಯಾಸ ಸಿಕ್ಕಿತು. ಹೊಸ ಒಣ ಕಟ್ಟಡ ಕುಳಿತುಕೊಳ್ಳುವಾಗ ಇಷ್ಟು ಸಹಜ. ಹಳೆಯದಕ್ಕೂ ಹೊಸದಕ್ಕೂ ನಡುವೆ ಬಿರುಕಿಲ್ಲ. ಜೋರು ಮಳೆಯ ದಿನಗಳಲ್ಲಿ ಬುಡದ ಸಂದುಗಳಿಂದ ತಿಳಿನೀರು ಬಂತು. ಕೆಂಪು ನೀರು ಬಂದಿದ್ದರೆ ಬಟ್ಟೆ ಹರಿದಿದೆ ಎಂದರ್ಥ.

ಇಂಥ ತಂಡವನ್ನು ಕರೆಯುವವರು ದಿನಗೂಲಿ ಲೆಕ್ಕಕ್ಕೆ ಒಪ್ಪಿಸುವುದು ಮೇಲು. ಮುಖದ ಚದರ ಅಡಿ ಲೆಕ್ಕಕ್ಕೆ ಗುತ್ತಿಗೆ ಕೊಟ್ಟರೆ ಗೋಡೆ ತೆಳ್ಳಗಾಗುತ್ತದೆ, ಹಿಂದೆ ಮಣ್ಣುಗಲ್ಲು ತುಂಬಿರುತ್ತದೆ, ಮುಚ್ಚಿದ ಮೇಲೆ ಕಾಣುವುದೂ ಇಲ್ಲ. ಗುತ್ತಿಗೆಯೇ ಆದರೆ ಘನ ಅಡಿ ಲೆಕ್ಕ ಇರಲಿ, ಬುಡದ ದಪ್ಪ, ಜಲ್ಲಿ, ಬಟ್ಟೆ, ಚರಂಡಿ, ಪೈಪಿನ ಬಾಯಿ ಐದನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಕಾಫಿ ಕೊಯ್ಲಿನ ಸಮಯದಲ್ಲಿ ಆಳು ಸಿಗುವುದು ಕಷ್ಟ. ಮಳೆ ಹಿಡಿದ ಮೇಲೆ ಬರೆ ಕೆದಕುವುದು ಅಪಾಯ, ಭಾರೀ ವಾಹನಗಳಿಗೆ ಜಿಲ್ಲಾಡಳಿತದ ನಿರ್ಬಂಧವೂ ಬರುವುದುಂಟು. ಹಾಗಾಗಿ ಫೆಬ್ರವರಿ ಕೊನೆಯಿಂದ ಮೇ ಮೊದಲ ವಾರದೊಳಗೆ ಮುಗಿಸಬೇಕು.

ಎಲ್ಲ ಬರೆಗೂ ಈ ಸೇವೆ ಸಲ್ಲದು. ಗೋಡೆ 8 ಅಡಿ ಮೀರಿದರೆ, ಅದರ ತಲೆಯ ಹತ್ತಿರವೇ ಮನೆಯೋ ರಸ್ತೆಯೋ ಇದ್ದರೆ ಎಂಜಿನಿಯರ್ ನೋಡದೆ ಕಲ್ಲು ಮುಟ್ಟಬಾರದು. ಮೇಲಿನ ತೋಟದಲ್ಲಿ ಬಿಲ್ಲಿನಾಕಾರದ ಬಿರುಕು, ಓರೆಯಾದ ಸಿಲ್ವರ್ ಓಕ್ ಮರಗಳು, ಹೊಸದಾಗಿ ಚಿಮ್ಮುವ ಒರತೆ ಕಂಡರೆ ಜಾರುತ್ತಿರುವುದು ಗುಡ್ಡವೇ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಹೇಗೆ ಇಳಿದವು ಎಂಬುದನ್ನು ಜಿಲ್ಲೆ ಕಂಡಿದೆ. ಅಂಥಲ್ಲಿ ಮೇಸ್ತ್ರಿಗೆ ಫೋನ್ ಮಾಡುವ ಮೊದಲು ಮನೆ ಖಾಲಿ ಮಾಡಿ, ತಾಲ್ಲೂಕು ಕಚೇರಿಗೆ ತಿಳಿಸಿ.