ಮೆಕ್ಕೆಜೋಳ: ಹೈಬ್ರಿಡ್ ಬೀಜವೋ, ಮುಕ್ತ ಪರಾಗಸ್ಪರ್ಶದ ತಳಿಯೋ?

ಮುಂದಿನ ವರ್ಷದ ಬೀಜ ಎಲ್ಲಿಂದ ತರುತ್ತೀರಿ? ಮೊದಲು ಅದನ್ನು ಯೋಚಿಸಿ, ಆಮೇಲೆ ಇಳುವರಿ.

ಹೈಬ್ರಿಡ್ ಹೊಲದಲ್ಲಿ ಗಿಡಗಳೆಲ್ಲ ಅಳೆದು ನಿಲ್ಲಿಸಿದ ಹಾಗೆ ಒಂದೇ ಎತ್ತರ. ತೆನೆಯೂ ಒಂದೇ ಮಟ್ಟದಲ್ಲಿ. ಯಂತ್ರದಿಂದ ಕೊಯ್ಯುವವರಿಗೆ ಇಷ್ಟೇ ಸಾಕು. ಇದರ ಗುಟ್ಟನ್ನು 1908-09ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಜಾರ್ಜ್ ಶಲ್ ಬಿಡಿಸಿ ಹೇಳಿದರು. ತನ್ನದೇ ಪರಾಗದಿಂದ ತಲೆಮಾರುಗಟ್ಟಲೆ ಬೆಳೆಸಿದ ಮೆಕ್ಕೆಜೋಳ ಸೊರಗುತ್ತದೆ. ಆದರೆ ಅಂಥ ಎರಡು ಬಡಕಲು ತಳಿಗಳನ್ನು ಕೂಡಿಸಿದರೆ ಮಕ್ಕಳು ದಷ್ಟಪುಷ್ಟ! ಅದೇ ಹೈಬ್ರಿಡ್. ಈ ಪೂರ್ತಿ ಕಸುವು ಒಂದೇ ತಲೆಮಾರಿಗೆ. ಅದರ ಕಾಳನ್ನೇ ಮತ್ತೆ ಬಿತ್ತಿದರೆ ಒಂದು ಗಿಡ ಎತ್ತರ, ಪಕ್ಕದ್ದು ಕುಳ್ಳ, ಇಳುವರಿಯೂ ಇಳಿಯುತ್ತದೆ. ಪ್ರತಿ ಸಲ ಹೊಸ ಬೀಜ ಕೊಳ್ಳಲೇಬೇಕು.

ಮುಕ್ತ ಪರಾಗಸ್ಪರ್ಶದ ತಳಿಯಲ್ಲಿ, ಅಂದರೆ ಹೊಲದ ಗಿಡಗಳು ತಮ್ಮತಮ್ಮಲ್ಲೇ ಬೆರೆತು ಬೀಜ ಕಟ್ಟುವ ತಳಿಯಲ್ಲಿ, ಇಳುವರಿ ಸಾಮಾನ್ಯವಾಗಿ ಕಡಿಮೆ, ಹೊಲವೂ ಏರುಪೇರು. ಆದರೆ ಬೀಜ ನಿಮ್ಮದೇ. ಹಾಗಂತ ಸುಮ್ನೆ ನಾಲ್ಕು ದಪ್ಪ ತೆನೆ ಎತ್ತಿಟ್ಟರೆ ಆಗಲಿಲ್ಲ, ಅದೂ ಸೊರಗುತ್ತದೆ. ಹೊಲದ ನಡುವಿನಿಂದ ನೂರಾರು ಗಿಡಗಳ ತೆನೆ ಆರಿಸಿ. ಪಕ್ಕದ ಹೊಲದ ಮೇಲೂ ಕಣ್ಣಿರಲಿ. ತೆನೆಯ ರೇಷ್ಮೆಯಂಥ ಒಂದೊಂದು ಎಳೆಗೂ ಒಂದೊಂದು ಕಾಳು, ಪರಾಗ ಬರುವುದು ಗಾಳಿಯಲ್ಲಿ. ಅಲ್ಲಿ ಹಳದಿ ಜೋಳವಿದ್ದರೆ ನಿಮ್ಮ ಬಿಳಿ ತೆನೆಯಲ್ಲಿ ಅದೇ ಬೆಳೆಯಲ್ಲೇ ಹಳದಿ ಕಾಳು ಕಾಣಿಸುತ್ತದೆ. ಬೀಜಕ್ಕೆ ಅಂತ ಬೆಳೆಯುವಾಗ 200 ಮೀಟರ್ ಅಂತರ ಬಿಡುವುದು ಒಳ್ಳೆಯದು.

ನೀರು, ಗೊಬ್ಬರ ಇದ್ದು ಮಾರಲು ಬೆಳೆಯುವವರಿಗೆ ನಾನು ಹೈಬ್ರಿಡ್ ಅನ್ನೇ ಹೇಳುತ್ತೇನೆ. ಕೈಯಲ್ಲಿ ಕಾಸು ಕಮ್ಮಿ, ಸ್ವಲ್ಪ ಜಾಗ ಅಂದರೆ ಎರಡನೆಯದು. ಹೂ ಬಿಡುವಾಗ ನೀರು ತಪ್ಪಿದರೆ ಮಾತ್ರ ಎರಡಕ್ಕೂ ಪೆಟ್ಟು. ಎಳೆಗಳು ತಡವಾಗಿ ಹೊರಬರುತ್ತವೆ, ಅಷ್ಟರಲ್ಲಿ ಪರಾಗ ಉದುರಿ ಮುಗಿದಿರುತ್ತದೆ.