ಕೋಡಿಬಾಗದ ಹಂಚಿನ ಮನೆಗೆ ಶಾಖ ತಡೆಯುವ ಹೊದಿಕೆ: ಮಾಡಿಗೆ ಸರಿ, ಗೋಡೆಗೆ ಸಲ್ಲ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಹಳೆಯ ಮನೆಯ ಮಾಡಿಗೂ (ಛಾವಣಿಗೂ) ಒಂದು ಕೋಣೆಯ ಗೋಡೆಗೂ ಶಾಖ ತಡೆಯುವ ಹೊದಿಕೆ ಹಾಕಿಸಿದ ಮೇಲೆ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಪೂರ್ತಿಯಾಗಿ ಕಳೆದಿವೆ. ಕೆಲಸ ಮಾಡಿದವರು ಹೊರಜಿಲ್ಲೆಯಿಂದ ಬಂದು ಕರಾವಳಿಯಲ್ಲಿ ಗುತ್ತಿಗೆ ಹಿಡಿಯುವ ಒಂದು ಸಂಸ್ಥೆಯವರು. ಅವರ ಕೆಲಸದಲ್ಲಿ ಮನಸಾರೆ ಮೆಚ್ಚಿಕೊಳ್ಳುವಂಥದ್ದು ಇದೆ, ನಮಗೆ ನಷ್ಟ ತಂದದ್ದೂ ಇದೆ. ಇದೇ ಸಾಮಗ್ರಿಯನ್ನು ಇದೇ ರೀತಿಯಲ್ಲಿ ಹಾಕಿಕೊಡುವವರು ಈಗ ಹಲವರಿರುವುದರಿಂದ, ಹೆಸರನ್ನು ಬಿಟ್ಟು ಕೆಲಸದ ಗುಣದೋಷಗಳನ್ನಷ್ಟೇ ಬರೆಯುತ್ತಿದ್ದೇನೆ.

ಮನೆಯನ್ನು ಅಜ್ಜ ಕಟ್ಟಿಸಿದ್ದು 1938ರಲ್ಲಿ. ಒಂದೂವರೆ ಅಡಿ ದಪ್ಪದ ಚಿರೇಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಮಾಡಿನ ಇಳಿಜಾರಿನುದ್ದಕ್ಕೂ ಮತ್ತಿ ಮರದ ಪಕಾಸು ಎಂಬ ತೊಲೆಗಳು, ಅದರ ಮೇಲೆ ಅಡ್ಡಲಾಗಿ ರೀಪು ಎಂಬ ಮರದ ಪಟ್ಟಿಗಳು, ರೀಪಿನ ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯುದ್ದಕ್ಕೂ ಹರಡಿದ ಮಾಡು ಇದೇ ಬಗೆಯದು. ನಡುಮನೆಗೂ ಅಡಿಗೆಮನೆಗೂ ಹಲಗೆಯ ಮುಚ್ಚಿಗೆ ಇದೆ. ಹಿಂದಿನ ಮೂರು ಕೋಣೆಗಳಿಗೆ ಅದಿಲ್ಲದ ಕಾರಣ ಅಲ್ಲಿ ಹಂಚಿನ ಕಾವು ನೇರವಾಗಿ ತಲೆಯ ಮೇಲೆ ಇಳಿಯುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಫ್ಯಾನ್ ಹಾಕಿದರೆ ಬಿಸಿಗಾಳಿಯೇ ಸುತ್ತುತ್ತಿತ್ತು. ಎಂಬತ್ತು ದಾಟಿದ ಅಮ್ಮ ಮಲಗುವುದು ಆ ಕೋಣೆಗಳಲ್ಲೊಂದರಲ್ಲಿ. ಈ ಕೆಲಸಕ್ಕೆ ಕೈಹಾಕಲು ಅದೇ ಕಾರಣ.

ಮೊದಲು ಮಾಡಿನ ವಿಷಯ. ಸಂಸ್ಥೆಯವರು ಸೂಚಿಸಿದ್ದು ಎರಡೂ ಮುಖಗಳಲ್ಲಿ ಹೊಳೆಯುವ ಅಲ್ಯೂಮಿನಿಯಂ ಪದರವಿದ್ದು, ನಡುವೆ ಗಾಳಿಗುಳ್ಳೆಗಳಿರುವ ಹಾಳೆಯನ್ನು. ಬಿಸಿಲಿಗೆ ಕಾದ ಹಂಚು ತನ್ನ ಶಾಖದ ಬಹುಪಾಲನ್ನು ಕೆಂಡದ ಹಾಗೆ ಕಿರಣರೂಪದಲ್ಲಿಯೇ ಕೆಳಕ್ಕೆ ಬಿಡುತ್ತದೆ. ಹೊಳೆಯುವ ಅಲ್ಯೂಮಿನಿಯಂ ಆ ಕಿರಣಗಳನ್ನು ಹೆಚ್ಚಿನಂಶ ಹಿಂದಕ್ಕೆ ಕಳಿಸುತ್ತದೆ, ತಾನು ಕಾದರೂ ಕೆಳಗಿನ ಕೋಣೆಗೆ ಬಹಳ ಕಡಿಮೆ ಬಿಡುತ್ತದೆ. ಆದರೆ ಹಾಳೆಯ ಪಕ್ಕದಲ್ಲಿ ಗಾಳಿಗೆ ಜಾಗವಿದ್ದಾಗ ಮಾತ್ರ ಈ ಗುಣ ಕೆಲಸ ಮಾಡುತ್ತದೆ. ಹಂಚಿಗೆ ತಾಗಿಸಿ ಹಾಸಿದರೆ ತಾಗಿದ ಮುಖ ಶಾಖವನ್ನು ಮುಟ್ಟಿ ದಾಟಿಸುವ ತೆಳುವಾದ ಲೋಹದ ಪದರವಷ್ಟೇ ಆಗಿ ಉಳಿಯುತ್ತದೆ. ಮೇಲ್ಮುಖದ ಮೇಲೆ ವರ್ಷಗಳು ಕಳೆದಂತೆ ಧೂಳು ಕೂತು ಹೊಳಪು ಮಾಸುವುದು ಖಂಡಿತ. ಕೆಳಮುಖಕ್ಕೆ ಧೂಳು ಹಿಡಿಯುವುದಿಲ್ಲವಾದ್ದರಿಂದ ಬಹುಕಾಲ ನಂಬಬೇಕಾದದ್ದು ಅದನ್ನೇ.

ಮೊದಲ ದಿನ ಕೆಲಸಗಾರರು ಪಕಾಸಿನ ಮೇಲೆ ಹಾಳೆ ಬಿಗಿದು, ಅದರ ಮೇಲೆಯೇ ಅಡ್ಡರೀಪು ಹೊಡೆದು ಹಂಚು ಕೂರಿಸತೊಡಗಿದ್ದರು. ಆ ಕ್ರಮದಲ್ಲಿ ಹಂಚಿನ ಸಂದಿಯಿಂದ ಇಳಿದ ನೀರು ಪ್ರತಿಯೊಂದು ರೀಪಿನ ಹಿಂದೆಯೂ ತಡೆದು ನಿಂತು, ಮೊಳೆಯ ತೂತಿನಿಂದ ಒಳಗಿಳಿಯುತ್ತದೆ. ಪಕಾಸಿನ ಉದ್ದಕ್ಕೂ ಹಾಳೆಯ ಮೇಲೆ ಮೊದಲು ಒಂದು ಇಂಚು ದಪ್ಪದ ಪಟ್ಟಿ ಹೊಡೆದು, ಆ ಪಟ್ಟಿಯ ಮೇಲೆ ಅಡ್ಡರೀಪು ಬರಬೇಕೆಂದು ನಾನು ಹಟ ಹಿಡಿದೆ. ಮೇಲ್ವಿಚಾರಕರು ಅರ್ಧ ದಿನ ಯೋಚಿಸಿ ಒಪ್ಪಿಕೊಂಡರು, ಒಪ್ಪಿದ ಮೇಲೆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿಸಿದರು. ಮೇಲಿನ ಹಾಳೆ ಕೆಳಗಿನದರ ಮೇಲೆ ಆರು ಇಂಚು ಬರುವಂತೆ ಹಾಸಿ, ಕೊನೆಯ ಹಾಳೆಯನ್ನು ಸೂರಿನ ಆಚೆಯವರೆಗೆ ತಂದು ಬಿಟ್ಟರು. ಇದರಿಂದ ಬಿಸಿಲಿಗಿಂತಲೂ ದೊಡ್ಡ ಉಪಕಾರ ಮಳೆಯ ವಿಷಯದಲ್ಲಾಯಿತು. ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸಮುದ್ರದ ಗಾಳಿಯೊಂದಿಗೆ ಅಡ್ಡಡ್ಡವಾಗಿ ಬಡಿಯುವ ಊರಿನಲ್ಲಿ, ಹಂಚಿನ ಸಂದಿಯಿಂದ ಎರಚಲು ಸಿಡಿಯುವುದು ಎಲ್ಲರ ಮನೆಯ ಅನುಭವ. ಈ ಬಾರಿ ಸಿಡಿದ ನೀರು ಹಾಳೆಯ ಮೇಲೆ ಜಾರಿ ಸೂರಿಗೆ ಹೋಯಿತು. ಪಾತ್ರೆ, ಬಕೆಟ್ಟುಗಳನ್ನು ಕೋಣೆಯಲ್ಲಿ ಇಡದೆ ಕಳೆದ ಮೊದಲ ಆಷಾಢ ಇದು.

ಹಂಚುಗಳನ್ನು ಅವರು ನಡೆಸಿಕೊಂಡ ರೀತಿಯನ್ನು ಬೇರೆಯಾಗಿಯೇ ಹೊಗಳಬೇಕು. ಸುಮಾರು ಎರಡು ಸಾವಿರ ಹಂಚುಗಳನ್ನು ಕೈಯಿಂದ ಕೈಗೆ ದಾಟಿಸಿ ಇಳಿಸಿ, ಪಾಚಿ ಉಜ್ಜಿ, ಬಿರುಕು ಬಿಟ್ಟದ್ದನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ ಬೇರ್ಪಡಿಸಿದರು. ಅರವತ್ತರಷ್ಟು ಹಂಚು ಕಡಿಮೆ ಬಿದ್ದಾಗ ಹೊಸ ಹಂಚನ್ನು ತಂದು ತುರುಕದೆ, ಕೆಡವಿದ ಮನೆಗಳ ಹಳೆಯ ಹಂಚು ಮಾರುವವರಲ್ಲಿ ಅದೇ ಅಳತೆಯದನ್ನು ಹುಡುಕಿ ತಂದರು. ಹಂಚಿನ ಕಚ್ಚು ಒಂದು ಕೂದಲೆಳೆ ವ್ಯತ್ಯಾಸವಾದರೂ ಸಾಲು ಕೂರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಎರಡು ಕನ್ನಡಿ ಹಂಚುಗಳನ್ನು ಮಾತ್ರ ಕೆಳಗಿನಿಂದ ಹಾಳೆಯಿಂದ ಮುಚ್ಚಿಬಿಟ್ಟಿದ್ದರು. ಹೇಳಿದ ಮೇಲೆ ಕತ್ತರಿಸಿ ಬೆಳಕು ಬಿಟ್ಟರು, ಆದರೆ ಅಂಚು ಸರಿಯಾಗಿ ಮಡಚದ ಕಾರಣ ಒಂದು ಕಡೆ ಈಗಲೂ ಜಿನುಗುತ್ತದೆ.

ಫಲಿತಾಂಶವನ್ನು ತೋರಿಸಲು ಅವರು ತಂದದ್ದು ದೂರದಿಂದಲೇ ಉಷ್ಣತೆ ಅಳೆಯುವ ಪಿಸ್ತೂಲಿನಂಥ ಉಪಕರಣ. ಹಂಚಿನ ಕೆಳಮೈ 51 ಡಿಗ್ರಿ, ಹಾಳೆ 32 ಡಿಗ್ರಿ ಎಂದು ತೋರಿಸಿ ನಮ್ಮನ್ನು ಬೆರಗುಗೊಳಿಸಿದರು. ಹೊಳೆಯುವ ಮೈಯನ್ನು ಈ ಉಪಕರಣದಿಂದ ಅಳೆದರೆ ಅದು ಓದುವುದು ಹಾಳೆಯ ಬಿಸಿಯನ್ನಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ಪ್ರತಿಫಲಿಸಿದ ಕೋಣೆಯ ಉಷ್ಣತೆಯನ್ನು. ಹಾಳೆಗೆ ಕಾಗದದ ಅಂಟುಪಟ್ಟಿಯ ಒಂದು ತುಂಡು ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಆ ಪಟ್ಟಿಯನ್ನು ಅಳೆದಾಗ ಬಂದದ್ದು 39 ಡಿಗ್ರಿ. ಅದೂ ಒಳ್ಳೆಯ ಫಲಿತಾಂಶವೇ. ಕಣ್ಣಿಗೆ ಕಟ್ಟುವ ಸಂಖ್ಯೆಯನ್ನು ತೋರಿಸಬೇಕಾದ ಅಗತ್ಯವಿರಲಿಲ್ಲ. ಅಮ್ಮನ ಮಂಚದ ಎತ್ತರದಲ್ಲಿ ಸಾಮಾನ್ಯ ತಾಪಮಾಪಕ ಇಟ್ಟು ನೋಡಿದರೆ, ಹಿಂದಿನ ವರ್ಷ ಏಪ್ರಿಲ್‌ನಲ್ಲಿ ಮಧ್ಯಾಹ್ನ 36 ದಾಟುತ್ತಿದ್ದ ಕೋಣೆ ಈ ವರ್ಷ 33ರ ಆಸುಪಾಸಿನಲ್ಲಿ ನಿಂತಿತು. ಹೊರಗಿನ ಗಾಳಿಯೇ ಅಷ್ಟು ಬಿಸಿಯಾಗಿರುವಾಗ ಇದಕ್ಕಿಂತ ಹೆಚ್ಚನ್ನು ಯಾವ ಹಾಳೆಯಿಂದಲೂ ನಿರೀಕ್ಷಿಸಬಾರದು. ಮೂರು ಡಿಗ್ರಿಯ ಜೊತೆಗೆ ತಲೆಯ ಮೇಲಿನ ಕಾವು ಇಲ್ಲವಾದದ್ದು ಅಮ್ಮನ ನಿದ್ದೆಯಲ್ಲಿ ತಿಳಿಯುತ್ತದೆ.

ಅಡಿಗೆಮನೆಯಲ್ಲಿ ತಪ್ಪಾಯಿತು. ಹಂಚಿನ ಮಾಡು ಸಾವಿರ ಸಂದಿಗಳಿಂದ ಉಸಿರಾಡುವಂಥದ್ದು. ಒಲೆಯ ಹೊಗೆ, ಅನ್ನದ ಹಬೆ ಎಲ್ಲವೂ ಆ ಸಂದಿಗಳಿಂದಲೇ ಹೊರಟು ಹೋಗುತ್ತಿದ್ದವು. ಕೆಳಗೆ ಹಾಳೆ ಬಂದ ಮೇಲೆ ಆ ದಾರಿ ಮುಚ್ಚಿತು, ನೆತ್ತಿಯ ಹಂಚಿನ ಕೆಳಗೂ ಎರಡು ಕಡೆಯ ಹಾಳೆಗಳನ್ನು ಅಂಟಿಸಿಬಿಟ್ಟಿದ್ದರು. ಜುಲೈ ಮುಗಿಯುವಷ್ಟರಲ್ಲಿ ಅಡಿಗೆಮನೆಯ ಮುಚ್ಚಿಗೆಯ ಮೇಲೆ ಕಪ್ಪು ಬೂಷ್ಟು ಅಂಗೈಯಗಲ ಹಬ್ಬಿತು. ಕರೆದಾಗ ಬಂದರು ಎನ್ನುವುದನ್ನು ನ್ಯಾಯವಾಗಿ ಹೇಳಬೇಕು. ನೆತ್ತಿಯ ಉದ್ದಕ್ಕೂ ಎರಡು ಇಂಚು ಕಿಂಡಿ ಬಿಟ್ಟು, ಹಕ್ಕಿ, ಇಲಿ ಬಾರದಂತೆ ಜಾಲರಿ ಕಟ್ಟಿಕೊಟ್ಟರು. ಹಬೆ ಎಳೆಯುವ ಫ್ಯಾನನ್ನು ನಾವೇ ಹಾಕಿಸಿದೆವು. ಈ ಕಿಂಡಿ ಮೊದಲ ದಿನದಿಂದಲೇ ಇರಬೇಕಾಗಿತ್ತು. ಹಾಳೆ ಹಿಡಿದಿಡಲು ಬಳಸಿದ ಕಬ್ಬಿಣದ ಪಿನ್ನುಗಳಂತೂ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಹಾಳೆಯ ಮೇಲೆ ಕಂದು ಗೆರೆ ಇಳಿಸಿವೆ. ಸಮುದ್ರದಿಂದ ಇಷ್ಟು ಹತ್ತಿರವಿರುವ ಮನೆಗೆ ಸ್ಟೇನ್‌ಲೆಸ್ ಸ್ಟೀಲಿನದ್ದೇ ಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳದಿದ್ದದ್ದು ನನ್ನ ತಪ್ಪೂ ಹೌದು.

ಇನ್ನು ಗೋಡೆ. ಪಡುವಣ ದಿಕ್ಕಿನ ಕೋಣೆಗೆ ಎಸಿ ಇದೆ. ಅದರ ಗೋಡೆಗೆ ಒಳಗಿನಿಂದ ಎರಡು ಇಂಚಿನ ಥರ್ಮಾಕೋಲ್ ಹಲಗೆ, ಅದರ ಮೇಲೆ ಜಿಪ್ಸಂ ಹಲಗೆ, ಮೇಲೆ ತೊಳೆಯಬಹುದಾದ ಪ್ಲಾಸ್ಟಿಕ್ ಬಣ್ಣ ಹಾಕಿದರೆ ವಿದ್ಯುತ್ ಉಳಿಯುತ್ತದೆಂದು ಸಂಸ್ಥೆಯವರು ಹೇಳಿದರು. ಬೇಸಿಗೆಯಲ್ಲಿ ಉಳಿಯಿತು ಕೂಡ. ಹೆಸ್ಕಾಂ ಬಿಲ್ಲಿನಲ್ಲಿ ಮೇ ತಿಂಗಳು ಹಿಂದಿನ ವರ್ಷಕ್ಕಿಂತ ಎಪ್ಪತ್ತು ಯೂನಿಟ್ ಕಡಿಮೆ ಬಂತು. ಅದರಲ್ಲಿ ಮಾಡಿನ ಹಾಳೆಯ ಪಾಲೆಷ್ಟು, ಗೋಡೆಯ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ಆಗಸ್ಟ್ ಬರುವಷ್ಟರಲ್ಲಿ ಆ ಕೋಣೆಯಲ್ಲಿ ಒದ್ದೆ ಚಾಪೆಯ ವಾಸನೆ ಶುರುವಾಯಿತು. ಒಂದು ಹಲಗೆ ಕಿತ್ತು ನೋಡಿದರೆ ಜಿಪ್ಸಂ ಹಲಗೆಯ ಹಿಂಬದಿಯ ಕಾಗದದ ತುಂಬ ಹಸಿರು ಕಪ್ಪು ಬೂಷ್ಟು, ಚಿರೇಕಲ್ಲಿನ ಮೇಲೆ ಬಿಳಿ ಉಪ್ಪಿನ ಪುಡಿ, ಮೂಲೆಯಲ್ಲಿ ಒರಲೆಯ ಮಣ್ಣುಗೆರೆ. ಇದಕ್ಕೆ ಕಾರಣ ಕೆಲಸಗಾರರ ಕೈಯಲ್ಲಿಲ್ಲ, ಆ ವಿಧಾನದಲ್ಲಿಯೇ ಇದೆ. ಹೊರಗೆ 30 ಡಿಗ್ರಿ ಉಷ್ಣತೆಯೂ ಶೇಕಡಾ 80ರಷ್ಟು ತೇವಾಂಶವೂ ಇರುವ ಗಾಳಿ ಸುಮಾರು 26 ಡಿಗ್ರಿಗೆ ತಣಿದರೆ ಸಾಕು, ಅದರೊಳಗಿನ ಆವಿ ನೀರಾಗುತ್ತದೆ. ನಮ್ಮ ಕೋಣೆಯ ಎಸಿ ಇರುವುದು 24ಕ್ಕೆ. ಅಂದರೆ ಕಲ್ಲಿನ ಮೂಲಕ, ಹಲಗೆಯ ಸಂದಿಗಳ ಮೂಲಕ ಒಳಗೆ ಬರುವ ಆವಿ ತಣ್ಣನೆಯ ಜಿಪ್ಸಂ ಹಲಗೆಯನ್ನು ಮುಟ್ಟಿ, ಪ್ಲಾಸ್ಟಿಕ್ ಬಣ್ಣವನ್ನು ದಾಟಲಾಗದೆ ಅಲ್ಲೇ ನೀರಾಗಿ ನಿಲ್ಲುತ್ತದೆ. ಹಿಮ ಬೀಳುವ ದೇಶಗಳಲ್ಲಿ ಆವಿ ಚಳಿಗಾಲದಲ್ಲಿ ಒಳಗಿನಿಂದ ಹೊರಕ್ಕೆ ಹೋಗುತ್ತದೆ, ಅಲ್ಲಿ ಒಳಮೈಯನ್ನು ಬಿಗಿಯಾಗಿ ಮುಚ್ಚುವುದು ಸರಿ; ನಮ್ಮಲ್ಲಿ ಅದು ಹೊರಗಿನಿಂದ ಒಳಕ್ಕೆ ಬರುವುದರಿಂದ ಅದೇ ಮುಚ್ಚಳ ಬಲೆಯಾಗುತ್ತದೆ. ಇದರ ಮೇಲೆ ಉಪ್ಪು ಬೇರೆ. ಅಡಿಗೆಯ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ದಾಟಿದೊಡನೆ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾಗುವುದು ಇದರಿಂದಲೇ. ಎಂಬತ್ತು ವರ್ಷ ಸಮುದ್ರದ ಗಾಳಿ ಕುಡಿದ ಚಿರೇಕಲ್ಲಿನಲ್ಲಿ ಇರುವುದೂ ಅದೇ ಉಪ್ಪು. ಇಂಥ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾನಾಗಿಯೇ ನೀರು ಎಳೆದುಕೊಳ್ಳುತ್ತದೆ, ಅಕ್ಟೋಬರ್‌ನಿಂದ ಎರಡೂ ಮುಖಗಳಿಂದ ಒಣಗುತ್ತದೆ. ಒಣಗುವ ಒಂದು ಮುಖವನ್ನು ನಾವು ದುಡ್ಡು ಕೊಟ್ಟು ಮುಚ್ಚಿಸಿದ್ದೆವು. ಇನ್ನೊಂದು ಮುಖವನ್ನು ಅಪ್ಪ 1990ರ ದಶಕದಲ್ಲೇ ಸಿಮೆಂಟ್ ಗಾರೆ ಬಳಿಸಿ ಮುಚ್ಚಿಸಿದ್ದರು.

ಸೆಪ್ಟೆಂಬರ್ ಕೊನೆಗೆ ಹಲಗೆಗಳನ್ನೆಲ್ಲ ತೆಗೆಸಿದೆ. ಹೊರಗಿನ ಸಿಮೆಂಟ್ ಗಾರೆಯನ್ನು ಕೆತ್ತಿಸಿ, ಊರಿನ ಗಾರೆ ಕೆಲಸದವರಿಂದ ಚಿಪ್ಪಿನ ಸುಣ್ಣದ ಗಾರೆ ಹಾಕಿಸಿ, ಮೇಲೆ ಸುಣ್ಣವನ್ನೇ ಬಳಿಸಿದ್ದೇನೆ. ಬಿಳಿ ಸುಣ್ಣ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ, ಗೋಡೆಯನ್ನು ಒಣಗಲೂ ಬಿಡುತ್ತದೆ. ಪಡುವಣ ಬಿಸಿಲಿಗೂ ಎರಚಲಿಗೂ ಸೂರನ್ನು ಮೂರಡಿ ಮುಂದಕ್ಕೆ ಚಾಚಿಸಿದ್ದಾಗಿದೆ. ಹಿಂದೆ ಪ್ರತಿ ಮೇ ತಿಂಗಳಲ್ಲಿ ಅಜ್ಜಿ ಅದೇ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟಿಸುತ್ತಿದ್ದರೆಂದು ಅಮ್ಮ ನೆನಪಿಸಿದರು. ಗೋಡೆಗೂ ತಟ್ಟಿಗೂ ನಡುವೆ ಗೇಣಗಲ ಗಾಳಿಯಾಡುತ್ತಿತ್ತಂತೆ. ಹೊದಿಕೆಯನ್ನು ಗೋಡೆಯ ಹೊರಗೆ, ಗಾಳಿಯ ಜಾಗ ಬಿಟ್ಟು ಹಾಕಬೇಕೆಂಬ ತತ್ತ್ವ ಅದರಲ್ಲಿಯೇ ಇತ್ತು.

ಹಂಚಿನ ಒಳಮೈಗೆ ನೊರೆ ಸಿಂಪಡಿಸುವ ವಿಧಾನವನ್ನೂ ಇವರು ಸೂಚಿಸಿದ್ದರು. ಶಾಖ ತಡೆಯುವುದರಲ್ಲಿ ಅದು ಹಾಳೆಗಿಂತ ಮೇಲು. ಆದರೆ ಹಂಚು, ರೀಪು, ಪಕಾಸು ಎಲ್ಲವನ್ನೂ ಒಂದಕ್ಕೊಂದು ಅಂಟಿಸಿಬಿಡುವುದರಿಂದ, ಒಡೆದ ಒಂದು ಹಂಚನ್ನು ಬದಲಿಸುವುದೂ ಒರಲೆ ಹತ್ತಿದ ಪಕಾಸನ್ನು ಗುರುತಿಸುವುದೂ ಕಷ್ಟವಾಗುತ್ತದೆ. ಹಾಗಾಗಿ ಬೇಡವೆಂದೆ, ಈಗಲೂ ಬೇಡವೆನ್ನುತ್ತೇನೆ.

ಮಾಡಿನ ಕೆಲಸಕ್ಕೆ ಹಂಚು ಇಳಿಸಿ ಏರಿಸುವ ಕೂಲಿಯೂ ಸೇರಿ ಚದರಡಿಗೆ 84 ರೂಪಾಯಿ ಕೊಟ್ಟಿದ್ದೇವೆ. ಕಿಂಡಿ, ಪಟ್ಟಿ, ತುಕ್ಕು ಹಿಡಿಯದ ಮೊಳೆ ಇವಿಷ್ಟನ್ನು ಮೊದಲೇ ಬರೆಸಿಕೊಂಡರೆ ಆ ಬೆಲೆಗೆ ಕೆಲಸ ಒಳ್ಳೆಯದು. ಮಾಡು ಬಿಚ್ಚುವುದನ್ನು ದೀಪಾವಳಿಯ ನಂತರ ಆರಂಭಿಸಿ ಶಿವರಾತ್ರಿಯೊಳಗೆ ಮುಗಿಸಿಕೊಳ್ಳುವುದು ಕ್ಷೇಮ, ಏಕೆಂದರೆ ಏಪ್ರಿಲ್ ಮೇ ತಿಂಗಳ ಗುಡುಗು ಮಳೆ ಹೇಳಿ ಬರುವುದಿಲ್ಲ. ಗೋಡೆಯ ಹಲಗೆಗಳಿಗೆ ಕೊಟ್ಟ ಹಣದಲ್ಲಿ ಅರ್ಧವನ್ನು ಸಂಸ್ಥೆಯವರು ವಾದವಿಲ್ಲದೆ ಹಿಂತಿರುಗಿಸಿದರು. ಪಕ್ಕದ ಕೋಣೆಯ ಗೋಡೆಗೂ ಅದೇ ಹಲಗೆಯನ್ನು, ಈ ಸಲ ಬೂಷ್ಟು ತಡೆಯುವ ಬಣ್ಣದೊಂದಿಗೆ ಹಾಕಿಕೊಡುತ್ತೇವೆಂದು ಅಕ್ಟೋಬರ್‌ನಲ್ಲಿ ಮತ್ತೆ ಅಂದಾಜು ಪಟ್ಟಿ ಕಳಿಸಿದ್ದಾರೆ. ಕನ್ನಡಿ ಹಂಚಿನ ಅಂಚನ್ನು ಸರಿಪಡಿಸಲು ಡಿಸೆಂಬರ್‌ನಲ್ಲಿ ಬನ್ನಿ, ಗೋಡೆಯನ್ನು ಮುಟ್ಟುವುದು ಬೇಡ ಎಂದು ಉತ್ತರ ಬರೆದಿದ್ದೇನೆ.