ಎತ್ತರಿಸೋದಾ, ಗೋಡೆ ಕಟ್ಟೋದಾ?

ಸಮುದ್ರದ ನಡುವಿನ ತೈಲ ವೇದಿಕೆಯನ್ನು ಒಡೆಯುವ ಅಲೆಗಳಿಂದ ಕಾಪಾಡಲು ಯಾವ ದಾರಿ ಒಳ್ಳೆಯದು ಅಂತ ಕೇಳಿದ್ದೀರಿ. ಉತ್ತರ ಸಮುದ್ರದಲ್ಲಿರುವ ನಾರ್ವೆಯ ಎಕೋಫಿಸ್ಕ್ ತೈಲಕ್ಷೇತ್ರ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅಲ್ಲಿ ಎತ್ತರಿಸುವುದು, ಗೋಡೆ ಕಟ್ಟುವುದು ಎರಡೂ ದಾರಿ ಹಿಡಿದರು. ತೈಲ ತೆಗೆದಂತೆ ಸಮುದ್ರದ ತಳವೇ ಕುಸಿಯಿತು. ಅಲೆಯ ತುದಿಗೂ ವೇದಿಕೆಯ ಮೇಲಿನ ಅಟ್ಟಕ್ಕೂ ನಡುವಿನ ಅಂತರ ಕಡಿಮೆಯಾಯಿತು.

1987ರಲ್ಲಿ ಉಕ್ಕಿನ ವೇದಿಕೆಗಳ ಕಾಲು ಕತ್ತರಿಸಿ, ಜಾಕ್‌ಗಳಿಂದ 6 ಮೀಟರ್ ಎತ್ತಿ, ನಡುವೆ ಹೊಸ ತುಂಡು ಸೇರಿಸಿದರು. ನನಗೆ ಇದೇ ಹೆಚ್ಚು ಇಷ್ಟ. ಅಲೆ ಅಟ್ಟಕ್ಕೆ ಬಡಿಯುವುದೇ ಇಲ್ಲ, ಕೆಳಗಿಂದ ಹಾದುಹೋಗುತ್ತದೆ. ಆದರೆ ಕೆಲಸ ಮುಗಿಯುವವರೆಗೆ ಉತ್ಪಾದನೆ ನಿಲ್ಲಿಸಬೇಕು. ತಳ ಇನ್ನೂ ಕುಸಿದರೆ ಆ 6 ಮೀಟರೂ ನಿಧಾನವಾಗಿ ಕರಗುತ್ತದೆ.

ಅಲ್ಲಿ ತೈಲ ತುಂಬಿಡಲು ಕಟ್ಟಿದ ದೊಡ್ಡ ಕಾಂಕ್ರೀಟ್ ತೊಟ್ಟಿಯನ್ನು ಹಾಗೆ ಎತ್ತಲು ಆಗುವುದಿಲ್ಲ, ಅಲ್ವಾ? 1989ರಲ್ಲಿ ಅದರ ಸುತ್ತ ಕಾಂಕ್ರೀಟ್ ತಡೆಗೋಡೆ ನಿಲ್ಲಿಸಿದರು. ಖರ್ಚು ಜಾಸ್ತಿ, ಆದರೆ ಒಳಗಿನ ರಚನೆಯನ್ನು ಮುಟ್ಟಬೇಕಿಲ್ಲ. ಹೊಡೆತವನ್ನೆಲ್ಲ ಗೋಡೆಯೇ ತಾಳಬೇಕು, ಅಷ್ಟೇ.

ಇನ್ನೊಂದು ದಾರಿ ರಂಧ್ರಗಳ ಗೋಡೆ. 1973ರಲ್ಲಿ ಆ ತೊಟ್ಟಿ ಇಟ್ಟಾಗಲೇ ಅದರ ಸುತ್ತ ಇಂಥದ್ದಿತ್ತು. ನೀರು ತೂತುಗಳಲ್ಲಿ ನುಗ್ಗಿ, ಸುಳಿದು, ಬಲ ಕಳೆದುಕೊಳ್ಳುತ್ತದೆ. ಹೊಸದಾಗಿ ಕಟ್ಟುವಾಗ ಇದನ್ನು ಸೇರಿಸುವುದು ಸುಲಭ. ಹಳೆಯದಕ್ಕೆ ಅಂಟಿಸುವುದು ತುಂಬಾ ಕಷ್ಟ.

ನಿಮ್ಮದು ತೆಳ್ಳನೆ ಉಕ್ಕಿನ ಕಾಲುಗಳ ಹಳೆಯ ವೇದಿಕೆಯಾದರೆ ಮೊದಲು ಎತ್ತರಿಸುವ ಲೆಕ್ಕ ಹಾಕಿ. ತಳದಲ್ಲಿ ಕೂತ ಭಾರಿ ಕಾಂಕ್ರೀಟ್ ಆದರೆ ಗೋಡೆಯ ಕಡೆ ನೋಡಿ. ಯಾವುದಕ್ಕೂ ಮೊದಲು ತಳ ಎಷ್ಟು ಕುಸಿಯುತ್ತಿದೆ ಅಂತ ಅಳೆಯಿರಿ.